ಬೆಳ್ಳಿ ಬಟ್ಟಲಿನ ಲೆಕ್ಕ

1916ರ ಸೆಪ್ಟೆಂಬರ್ 17ರಂದು ಮಾನ್‌ಫ್ರೆಡ್ ಫಾನ್ ರಿಶ್ಟ್‌ಹೋಫೆನ್ ಎಂಬ 24 ವರ್ಷದ ಜರ್ಮನ್ ಪೈಲಟ್ ತನ್ನ ಮೊದಲ ವಿಮಾನ ಹೊಡೆದುರುಳಿಸಿದ. ಆಮೇಲೆ ಬರ್ಲಿನ್ನಿನ ಒಬ್ಬ ಆಭರಣದ ವ್ಯಾಪಾರಿಗೆ ಹೇಳಿ ಒಂದು ಪುಟ್ಟ ಬೆಳ್ಳಿ ಬಟ್ಟಲು ಮಾಡಿಸಿಕೊಂಡ. ಅದರ ಮೇಲೆ ಕೆತ್ತಿಸಿದ್ದು ಇಷ್ಟೇ: 1, ವಿಕರ್ಸ್, 2, ಮತ್ತು ತಾರೀಕು. ಮೊದಲನೆಯ ಅಂಕಿ, ಇದು ಎಷ್ಟನೆಯ ಗೆಲುವು ಅಂತ. ವಿಕರ್ಸ್ ಅನ್ನೋದು ವಿಮಾನದ ಜಾತಿ (ನಿಜಕ್ಕೂ ಅದು ಎಫ್‌.ಇ.2ಬಿ; ಹಿಂದೆ ಪ್ರೊಪೆಲ್ಲರ್ ಇರುವ ಬ್ರಿಟಿಷ್ ವಿಮಾನಗಳನ್ನೆಲ್ಲ ಜರ್ಮನ್ನರು ವಿಕರ್ಸ್ ಅಂತಲೇ ಕರೀತಿದ್ದರು). ಎರಡನೆಯ ಅಂಕಿ, ಅದರೊಳಗಿದ್ದ ಜನ.

ಆ ‘2’ರಲ್ಲಿ ಒಬ್ಬ ಪೈಲಟ್ ಲಯನಲ್ ಮಾರಿಸ್, 19 ವರ್ಷದ ಹುಡುಗ. ಇನ್ನೊಬ್ಬ ಅವನ ಮುಂದೆ ಕೂತು ಮೆಷಿನ್ ಗನ್ ಹಿಡಿದಿದ್ದ ವೇಲ್ಸ್‌ನ ಟಾಮ್ ರೀಸ್. ಇಬ್ಬರೂ ಉಳಿಯಲಿಲ್ಲ. ಅವರ ಗೋರಿಯ ಮೇಲೆ ಗೌರವಕ್ಕಾಗಿ ಒಂದು ಕಲ್ಲು ಇಟ್ಟು ಬಂದೆ ಅಂತ ರಿಶ್ಟ್‌ಹೋಫೆನ್ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ಸುಳ್ಳಿರಲಾರದು. ಕಲ್ಲು ಇಟ್ಟ ಕೈಯೇ ಬಟ್ಟಲಿಗೆ ಆರ್ಡರ್ ಕೊಟ್ಟದ್ದು ಅಷ್ಟೆ.

ಅಲ್ಲಿಂದ ಮುಂದೆ ಗೆಲುವಿಗೊಂದು ಬಟ್ಟಲು. ಪ್ರತಿ ಹತ್ತನೆಯದು ಗಾತ್ರದಲ್ಲಿ ಎರಡರಷ್ಟು. 60 ಬಟ್ಟಲಾಗುವ ಹೊತ್ತಿಗೆ ಜರ್ಮನಿಯಲ್ಲಿ ಬೆಳ್ಳಿಗೆ ಬರ ಬಂತು, ಬಟ್ಟಲು ನಿಂತಿತು. ಗೆಲುವು ನಿಲ್ಲಲಿಲ್ಲ, 80ಕ್ಕೆ ಹೋಯಿತು.

ನಮ್ಮ ಊರೂರುಗಳ ವೀರಗಲ್ಲು ನೆನಪಾಗತ್ತೆ ನನಗೆ. ಅಲ್ಲಿ ಹೆಸರು ಸತ್ತವನದು. ಆತಕೂರಿನ ಹತ್ತನೆಯ ಶತಮಾನದ ಕಲ್ಲಿನಲ್ಲಂತೂ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಗೂ ಹೆಸರಿದೆ. ಬೆಳ್ಳಿ ಬಟ್ಟಲಿನದು ಉಲ್ಟಾ ಲೆಕ್ಕ: ಕೊಂದವನ ಸಂಖ್ಯೆ ಏರುತ್ತೆ, ಸತ್ತವರು ಒಂದೋ ಎರಡೋ ಅನ್ನುವ ಅಂಕಿಯಾಗಿ ಉಳೀತಾರೆ. ಮೊದಲ ಮಹಾಯುದ್ಧದ ‘ಆಕಾಶದ ವೀರ’ರ ಬಗ್ಗೆ ಓದುವಾಗೆಲ್ಲ ನಾನು ತಿರುಗಿ ತಿರುಗಿ ಬಂದು ನಿಲ್ಲೋದು ಈ ಬಟ್ಟಲಿನ ಹತ್ತಿರವೇ. ಯಾಕಂದ್ರೆ ಆ ಕಾಲದ ಪತ್ರಿಕೆಗಳು, ಸರ್ಕಾರಗಳು, ಜನ, ಎಲ್ಲರೂ ಲೆಕ್ಕ ಇಟ್ಟದ್ದು ಇದೇ ರೀತಿ.

ಆಕಾಶದ ಹುಚ್ಚು ಯುದ್ಧಕ್ಕಿಂತ ಮೊದಲೇ ಹಿಡಿದಿತ್ತು. 1908ರ ಆಗಸ್ಟ್ 5ರಂದು ಕೌಂಟ್ ಜೆಪೆಲಿನ್‌ನ ದೊಡ್ಡ ವಾಯುನೌಕೆ ಎಕ್ಟರ್‌ಡಿಂಗನ್ ಎಂಬಲ್ಲಿ ಸಾವಿರಾರು ಜನರ ಕಣ್ಣೆದುರೇ ಹೊತ್ತಿ ಉರಿದುಹೋಯಿತು. ಮುದುಕನ ಕಥೆ ಮುಗೀತು ಅಂದುಕೊಂಡರೆ ಆದದ್ದೇ ಬೇರೆ. ಯಾರೂ ಕೇಳದೆಯೇ ಜರ್ಮನಿಯ ಜನ ದುಡ್ಡು ಕಳಿಸತೊಡಗಿದರು. ಮಕ್ಕಳು ತಮ್ಮ ಪುಡಿಗಾಸನ್ನೂ ಕಳಿಸಿದವು. ಒಟ್ಟು ಸೇರಿದ್ದು 60 ಲಕ್ಷ ಮಾರ್ಕಿಗೂ ಹೆಚ್ಚು. ಮರುವರ್ಷ ಬ್ಲೆರಿಯೊ ಇಂಗ್ಲಿಷ್ ಕಾಲುವೆ ದಾಟಿದಾಗ ಫ್ರಾನ್ಸಿಗೂ ಇದೇ ಜ್ವರ. ಇದೆಲ್ಲ ನಡೆಯುವಾಗ ವಿಮಾನವೆಂದರೆ ಹಬ್ಬ, ಜಾತ್ರೆ, ಬಹುಮಾನ.

ಬಾಂಬು ಬಿದ್ದದ್ದು 1911ರ ನವೆಂಬರ್ 1ರಂದು. ಇಟಲಿಯವರು ಲಿಬಿಯಾವನ್ನು ತುರ್ಕಿಯಿಂದ ಕಿತ್ತುಕೊಳ್ಳಲು ಹೋಗಿದ್ದರಲ್ಲ, ಆ ಯುದ್ಧದಲ್ಲಿ. ಜೂಲಿಯೊ ಗವೊಟ್ಟಿ ಎಂಬ ಲೆಫ್ಟಿನೆಂಟ್ ಸಣ್ಣ ಕೈಬಾಂಬುಗಳನ್ನು ಜೊತೆಗಿಟ್ಟುಕೊಂಡು ಹಾರಿ, ಟ್ರಿಪೋಲಿಯ ಹತ್ತಿರದ ಐನ್ ಜಾರಾ ಮತ್ತು ತಜೂರಾದ ಓಯಸಿಸ್‌ಗಳ ಮೇಲೆ ಹಾಕಿ ಬಂದ. ಯುದ್ಧದಲ್ಲಿ ವಿಮಾನದಿಂದ ಬಾಂಬು ಹಾಕಿದ್ದು ಲೋಕದಲ್ಲಿ ಅದೇ ಮೊದಲು. ಆ ಮೊದಲ ಬಾಂಬು ಬಿದ್ದದ್ದು ವಿಮಾನವೇ ಇಲ್ಲದವರ ಮೇಲೆ ಅನ್ನೋದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

1914ರಲ್ಲಿ ದೊಡ್ಡ ಯುದ್ಧ ಶುರುವಾದಾಗ ವಿಮಾನದ ಕೆಲಸ ನೋಡಿಕೊಂಡು ಬರುವುದಷ್ಟೇ. ಶತ್ರು ಎಲ್ಲಿದ್ದಾನೆ, ಯಾವ ಕಡೆ ತಿರುಗಿದ. ಆಮೇಲೆ ಪಿಸ್ತೂಲು, ರೈಫಲ್ಲು ಹೊತ್ತು ಹೋದರು. 1915ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ರೊಲ್ಯಾಂಡ್ ಗಾರೋಸ್ ಪ್ರೊಪೆಲ್ಲರಿಗೆ ಉಕ್ಕಿನ ತಗಡು ಬಡಿದು ಅದರ ನಡುವಿನಿಂದಲೇ ಗುಂಡು ಹಾರಿಸಿದ. (ಹೌದು, ಟೆನಿಸ್ ನಡೆಯುವ ಪ್ಯಾರಿಸ್ಸಿನ ಆ ಅಂಗಣಕ್ಕೆ ಇವನದೇ ಹೆಸರು.) ಸ್ವಲ್ಪ ದಿನಕ್ಕೇ ಅವನು ಜರ್ಮನ್ನರ ಕೈಗೆ ಸಿಕ್ಕ. ಅದಾಗಿ ಕೆಲವೇ ವಾರದಲ್ಲಿ ಫೋಕರ್ ಕಂಪನಿಯವರು ಪ್ರೊಪೆಲ್ಲರ್ ಅಡ್ಡ ಬಂದಾಗ ಗುಂಡು ತಾನಾಗಿಯೇ ತಡೆಯುವ ಸಾಧನ ಹೊಂದಿಸಿಬಿಟ್ಟರು. ಅಲ್ಲಿಗೆ ವಿಮಾನವೇ ಬಂದೂಕಾಯಿತು. ಪೈಲಟ್ ಒಬ್ಬನೇ ಕೂತು, ಮೂತಿಯನ್ನು ಶತ್ರುವಿನ ಕಡೆ ತಿರುಗಿಸಿದರೆ ಸಾಕು.

ಒಬ್ಬನೇ ಅನ್ನೋದು ಮುಖ್ಯ. ಕೆಳಗೆ ಕಂದಕಗಳಲ್ಲಿ ಲಕ್ಷಗಟ್ಟಲೆ ಜನ ಕೆಸರಲ್ಲಿ ಸಾಯ್ತಾ ಇದ್ದರು. ಎಲ್ಲೋ ಹತ್ತು ಕಿಲೋಮೀಟರ್ ದೂರದ ಫಿರಂಗಿ ಯಾರನ್ನು ಕೊಂದಿತು ಅಂತ ಅದನ್ನು ಹಾರಿಸಿದವನಿಗೂ ಗೊತ್ತಿಲ್ಲ. ಅಂಥ ಯುದ್ಧದಲ್ಲಿ ಪತ್ರಿಕೆಯವರು ಏನು ಬರೀಬೇಕು? ಮೂರು ತಿಂಗಳಲ್ಲಿ ಮೂರು ಮೈಲಿ ಮುಂದೆ ಹೋದೆವು ಅಂತಲೇ? ಆಕಾಶದಲ್ಲಾದರೆ ಒಬ್ಬ ಹುಡುಗ, ಅವನಿಗೊಂದು ಮುಖ, ಅವನಿಗೊಂದು ಅಂಕಿ. ವಾರವಾರವೂ ಏರುವ ಅಂಕಿ.

ಫ್ರೆಂಚ್ ಪತ್ರಿಕೆಗಳು 1915ರಲ್ಲಿ ಅಡಾಲ್ಫ್ ಪೆಗೂ ಎಂಬ ಪೈಲಟ್‌ನನ್ನು ‘ಆಸ್’ ಅಂತ ಕರೆದವು. ಇಸ್ಪೀಟಿನ ಎಕ್ಕ. ಇಂಗ್ಲಿಷಿನ ‘ಏಸ್’ ಬಂದದ್ದು ಇಲ್ಲಿಂದ. ಐದು ವಿಮಾನ ಉರುಳಿಸಿದವನು ಎಕ್ಕ ಅನ್ನೋ ಲೆಕ್ಕ ಆಮೇಲೆ ಗಟ್ಟಿಯಾಯಿತು. ಜರ್ಮನ್ನರು ಇಸ್ಪೀಟು ಬಿಟ್ಟು ‘ಕನೋನ’, ಅಂದರೆ ಫಿರಂಗಿ, ಅಂದರು. ಪೆಗೂ ಅದೇ ಆಗಸ್ಟ್‌ನಲ್ಲಿ ಸತ್ತ. ಕೊಂದ ಜರ್ಮನ್ ವಿಮಾನವೇ ಬಂದು ಅವನಿಗೊಂದು ಹೂವಿನ ಹಾರ ಬೀಳಿಸಿ ಹೋಯಿತು. ಇಂಥವು ನಡೆದದ್ದು ನಿಜ. ಅವುಗಳನ್ನೇ ಮತ್ತೆ ಮತ್ತೆ ಅಚ್ಚು ಹಾಕಿದ್ದೂ ನಿಜ.

ಜರ್ಮನಿಯಲ್ಲಿ ಈ ಕೆಲಸ ಇನ್ನೂ ಶಿಸ್ತಿನಿಂದ ನಡೆಯಿತು. 1916ರ ಜನವರಿ 12ರಂದು ಇಮ್ಮೆಲ್‌ಮಾನ್ ಮತ್ತು ಬೋಲ್ಕೆ ಇಬ್ಬರಿಗೂ ಒಟ್ಟಿಗೇ ಪ್ರಷ್ಯಾದ ಅತ್ಯುನ್ನತ ಪದಕ ಸಿಕ್ಕಿತು, ಇಬ್ಬರದೂ ಎಂಟೆಂಟು ಗೆಲುವು. ಬರ್ಲಿನ್ನಿನ ವಿಲ್ಲಿ ಸಾಂಕೆ ಎಂಬವರು ಇಂಥ ಪೈಲಟ್‌ಗಳ ಭಾವಚಿತ್ರವನ್ನು ಪೋಸ್ಟ್‌ಕಾರ್ಡ್ ಮಾಡಿ ಮಾರಿದರು. ಕಂಪನಿಯ ಕ್ಯಾಲೆಂಡರಿನಲ್ಲಿ ದೇವರ ಪಟ ಬಂದ ಹಾಗೆ ಅನ್ನಿ: ಎದೆಯ ಮೇಲೆ ಪದಕ, ನೇರ ನೋಟ, ಕೆಳಗೆ ಹೆಸರು. ಹುಡುಗರು ಅವನ್ನು ಗುಡ್ಡೆ ಹಾಕಿ ಅದಲುಬದಲು ಮಾಡಿಕೊಂಡರು. ಇಮ್ಮೆಲ್‌ಮಾನ್ ಜೂನ್‌ನಲ್ಲಿ ಸತ್ತ. ಬೋಲ್ಕೆ ಅಕ್ಟೋಬರ್‌ನಲ್ಲಿ, 40 ಗೆಲುವಾದ ಮೇಲೆ, ತನ್ನದೇ ಸಂಗಡಿಗನ ವಿಮಾನ ತಾಗಿ ಸತ್ತ. ಕಾರ್ಡುಗಳು ಮಾತ್ರ ಮಾರಾಟವಾಗುತ್ತಲೇ ಇದ್ದವು.

ಫ್ರಾನ್ಸಿನ ಗಿನೆಮೇರ್ 53 ಗೆಲುವಿನ ನಂತರ 1917ರ ಸೆಪ್ಟೆಂಬರ್ 11ರಂದು ಹಾರಿಹೋದವನು ತಿರುಗಿ ಬರಲಿಲ್ಲ. ದೇಹ ಸಿಗಲಿಲ್ಲ. ಅವನು ಎಷ್ಟು ಎತ್ತರ ಹಾರಿದನೆಂದರೆ ಮತ್ತೆ ಕೆಳಗಿಳಿಯಲಾಗಲಿಲ್ಲ ಅಂತ ಅಲ್ಲಿನ ಶಾಲೆ ಮಕ್ಕಳಿಗೆ ಹೇಳಿಕೊಟ್ಟರಂತೆ. ವೀರಗಲ್ಲಿನ ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗ್ತಿರ್ತಾರಲ್ಲ, ಅದೇ ಕಥೆ.

ಬ್ರಿಟಿಷರು ಮೊದಮೊದಲು ಇದಕ್ಕೆ ಒಪ್ಪಲಿಲ್ಲ. ಒಬ್ಬಿಬ್ಬರ ಹೆಸರು ಮೆರೆಸಿದರೆ ಉಳಿದವರಿಗೆ ಅನ್ಯಾಯ ಅನ್ನೋದು ಸೇನೆಯ ವಾದ, ಸರಿಯಾದ ವಾದವೇ. ಆದರೆ ಪತ್ರಿಕೆಗಳು ಬಿಡಬೇಕಲ್ಲ. ಆಲ್ಬರ್ಟ್ ಬಾಲ್ ಎಂಬ ನಾಟಿಂಗ್‌ಹ್ಯಾಮ್‌ನ ಹುಡುಗ ಆ ಮೊದಲೇ ಮನೆಮಾತಾಗಿದ್ದ. 44 ಗೆಲುವು, 1917ರ ಮೇ 7ರಂದು ಸತ್ತಾಗ ವಯಸ್ಸು 20. ಅದೇ ವರ್ಷ ಅಕ್ಟೋಬರ್‌ನಲ್ಲಿ ಪ್ರಧಾನಿ ಲಾಯ್ಡ್ ಜಾರ್ಜ್ ಪಾರ್ಲಿಮೆಂಟಿನಲ್ಲೇ ನಿಂತು ಈ ಪೈಲಟ್‌ಗಳನ್ನು ಹಳೆಯ ಕಾಲದ ಕುದುರೆ ಸವಾರ ವೀರರಿಗೆ ಹೋಲಿಸಿ ಹೊಗಳಿದರು. 1918ರ ಆರಂಭದಲ್ಲಿ ಡೈಲಿ ಮೇಲ್ ಪತ್ರಿಕೆ ನಮ್ಮ ವೀರರ ಹೆಸರು ಯಾಕೆ ಮುಚ್ಚಿಡ್ತೀರಿ ಅಂತ ಗದ್ದಲ ಎಬ್ಬಿಸಿತು.

ಆ ಬಾಲ್ ಸಾಯುವುದಕ್ಕೆ ಕೆಲವೇ ದಿನ ಮುಂಚೆ ಮನೆಗೆ ಬರೆದ ಕಾಗದದಲ್ಲಿ, ಸದಾ ಕೊಲ್ಲುವುದಕ್ಕಾಗಿಯೇ ಬದುಕಿ ಸಾಕಾಗಿದೆ, ನಾನೊಬ್ಬ ಕೊಲೆಗಾರ ಅನ್ನಿಸತೊಡಗಿದೆ ಅನ್ನುವ ಅರ್ಥದ ಮಾತಿದೆ. ಅದು ಪೋಸ್ಟ್‌ಕಾರ್ಡಿನಲ್ಲಿ ಬರಲಿಲ್ಲ.

ಸರಿ, ಆ ಕೆಲಸವಾದರೂ ಹೇಗಿತ್ತು? ಬೋಲ್ಕೆ ತನ್ನ ಶಿಷ್ಯರಿಗೆ ಕಲಿಸಿದ ನಿಯಮಗಳು ಇವತ್ತಿಗೂ ಪ್ರಸಿದ್ಧ. ಸೂರ್ಯನನ್ನು ಬೆನ್ನಿಗೆ ಇಟ್ಟುಕೋ. ಹಿಂದಿನಿಂದ ಹೋಗು. ತೀರಾ ಹತ್ತಿರ ಹೋಗುವ ತನಕ ಗುಂಡು ಹಾರಿಸಬೇಡ. ಇದರಲ್ಲಿ ದ್ವಂದ್ವಯುದ್ಧ ಎಲ್ಲಿದೆ? ಹುಲಿ ಜಿಂಕೆ ಹಿಡಿಯುವ ಕ್ರಮ ಇದು. ಸತ್ತವರಲ್ಲಿ ತುಂಬಾ ಜನಕ್ಕೆ ತಮ್ಮನ್ನು ಕೊಂದವನ ಮುಖ ಇರಲಿ, ವಿಮಾನ ಕೂಡ ಕಾಣಿಸಲಿಲ್ಲ. ಅವರನ್ನು ಬೈಯುವುದಕ್ಕೆ ನಾನಿದನ್ನು ಹೇಳ್ತಾ ಇಲ್ಲ. ಬದುಕಿ ಬರಬೇಕಾದರೆ ಬೇರೆ ದಾರಿ ಇರಲಿಲ್ಲ.

ಇನ್ನೊಂದು, ಆಕಾಶದ ಮುಖ್ಯ ಕೆಲಸ ಮಾಡಿದ್ದು ಈ ವೀರರಲ್ಲ. ಕ್ಯಾಮೆರಾ ಹಿಡಿದು ಕಂದಕಗಳ ಫೋಟೋ ತೆಗೆದವರು, ಗುಂಡು ಎಲ್ಲಿ ಬಿತ್ತು ಅಂತ ವೈರ್‌ಲೆಸ್‌ನಲ್ಲಿ ಫಿರಂಗಿಯವರಿಗೆ ತಿಳಿಸಿದವರು. ಇಬ್ಬರು ಕೂರುವ ನಿಧಾನದ ವಿಮಾನ. ಫೋಟೋ ಬೇಕೆಂದರೆ ಒಂದೇ ಎತ್ತರದಲ್ಲಿ, ಒಂದೇ ಗೆರೆಯಲ್ಲಿ ಹಾರಲೇಬೇಕು. ಅವರನ್ನು ತಡೆಯಲಿಕ್ಕೇ ಫೈಟರ್ ಹುಟ್ಟಿದ್ದು. ರಿಶ್ಟ್‌ಹೋಫೆನ್‌ನ 80ರಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ಎರಡು ಸೀಟಿನವು. 1917ರ ಏಪ್ರಿಲ್‌ನಲ್ಲಿ, ಆರಾಸ್ ಕದನದ ತಿಂಗಳು, ಬ್ರಿಟಿಷರು ಸುಮಾರು 245 ವಿಮಾನ ಕಳೆದುಕೊಂಡರು. ಸೇನೆಗೆ ಫೋಟೋ ಬೇಕಿತ್ತು, ಹುಡುಗರು ಹೋಗುತ್ತಲೇ ಇದ್ದರು. ಆ ಫೋಟೋಗ್ರಾಫರುಗಳ ಪೋಸ್ಟ್‌ಕಾರ್ಡ್ ಯಾರೂ ಮಾಡಲಿಲ್ಲ.

ಈ ಇಡೀ ಗುಂಪಿನಲ್ಲಿ ನನಗೆ ಇಷ್ಟವಾಗುವವನು ಜೇಮ್ಸ್ ಮೆಕಡನ್. ಸಿಪಾಯಿಯೊಬ್ಬರ ಮಗ; 1913ರಲ್ಲಿ ವಾಯುದಳಕ್ಕೆ ಸೇರಿದ್ದು ಮೆಕ್ಯಾನಿಕ್ ಆಗಿ, ಪೈಲಟ್ ಆದದ್ದು 1916ರಲ್ಲಿ. ಅಧಿಕಾರಿಗಳ ಊಟದ ಮನೆಯಲ್ಲಿ ಇವನ ಹುಟ್ಟಿನ ಬಗ್ಗೆ ಮೂಗು ಮುರಿದವರೂ ಇದ್ದರು. ಇವನು ತನ್ನ ಎಂಜಿನ್ನನ್ನು ತಾನೇ ಬಿಚ್ಚಿ ಜೋಡಿಸಿ, ಬೇರೆಯವರು ಏರಲಾಗದ ಎತ್ತರಕ್ಕೆ ಏರಿ, ಚಳಿಯಲ್ಲಿ ಗಂಟೆಗಟ್ಟಲೆ ಕಾದು, ಎರಡು ಸೀಟಿನವರ ಮೇಲೆ ಎರಗುತ್ತಿದ್ದ. 57 ಗೆಲುವು. ಗ್ಯಾರೇಜಿನ ಬುದ್ಧಿಯಿಂದ ಗೆದ್ದವನು ಇವನು, ನೈಟ್‌ಗಳ ಕಥೆಗೆ ಹೊಂದುವವನೇ ಅಲ್ಲ. ಆದರೂ ಪತ್ರಿಕೆಗಳು ಇವನಿಗೂ ಅದೇ ಅಂಗಿ ತೊಡಿಸಿದವು. 1918ರ ಜುಲೈ 9ರಂದು ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ವಿಮಾನ ಬಿದ್ದು ಸತ್ತ. ಶತ್ರು ಹತ್ತಿರದಲ್ಲೂ ಇರಲಿಲ್ಲ.

ಬೆಂಕಿಯ ವಿಷಯ ಹೇಳಲೇಬೇಕು. ಬಟ್ಟೆ, ಕಟ್ಟಿಗೆ, ಪೆಟ್ರೋಲು: ಆ ವಿಮಾನ ಅಂದರೆ ಇಷ್ಟೇ. ಒಂದು ಗುಂಡು ಟ್ಯಾಂಕಿಗೆ ಬಿದ್ದರೆ ಹಾರುವ ಚಿತೆ. ಮಿಕ್ ಮ್ಯಾನಕ್ ಎಂಬ ಬ್ರಿಟಿಷ್ ಏಸ್ ಹೀಗೆ ಬೆಂದು ಸಾಯುವ ಬದಲು ತಾನೇ ಮುಗಿಸಿಕೊಳ್ಳಲು ರಿವಾಲ್ವರ್ ಇಟ್ಟುಕೊಂಡಿರುತ್ತಿದ್ದ. ಹಾಗಾದರೆ ಪ್ಯಾರಾಚೂಟ್? ಇತ್ತು. ಮೊದಲ ಎಕ್ಕ ಪೆಗೂ ಇದ್ದಾನಲ್ಲ, ಅವನೇ 1913ರಲ್ಲಿ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿ ತೋರಿಸಿದ್ದ! ಯುದ್ಧದಲ್ಲಿ ಬಲೂನಿನಲ್ಲಿ ಕೂತು ನೋಡುವವರಿಗೆ ಕೊಟ್ಟಿದ್ದರು. ಜರ್ಮನ್ ಪೈಲಟ್‌ಗಳಿಗೆ 1918ರಲ್ಲಿ ಬಂತು, ಎರ್ನ್‌ಸ್ಟ್ ಉಡೆಟ್ ಆ ಜೂನ್‌ನಲ್ಲಿ ಅದರಿಂದಲೇ ಬದುಕಿದ. ಬ್ರಿಟಿಷ್ ವಿಮಾನಗಳ ಪೈಲಟ್‌ಗಳಿಗೆ ಯುದ್ಧ ಮುಗಿಯುವ ತನಕ ಕೊಡಲೇ ಇಲ್ಲ. ಭಾರ ಜಾಸ್ತಿ, ಜಾಗ ಇಲ್ಲ ಅನ್ನೋ ಕಾರಣಗಳಿದ್ದವು. ಆದರೆ ವೀರ ಅಂತ ಒಂದು ಸಲ ಕರೆದುಬಿಟ್ಟರೆ ಅವನು ಹಾರಿ ತಪ್ಪಿಸಿಕೊಳ್ಳುವ ಚಿತ್ರವನ್ನು ಕಲ್ಪಿಸಿಕೊಳ್ಳುವುದು ಮೇಲಿನವರಿಗೆ ಕಷ್ಟವಾಗಿತ್ತೇನೋ ಅಂತ ನನ್ನ ಗುಮಾನಿ.

ಬಾಂಬು ಹಾಕುವವರದು ಇನ್ನೊಂದು ಕಥೆ. 1917ರ ಜೂನ್ 13ರಂದು ಜರ್ಮನ್ನರ ಗೋಥಾ ವಿಮಾನಗಳು ಹಾಡಹಗಲೇ ಲಂಡನ್ನಿನ ಮೇಲೆ ಬಂದವು. 162 ಜನ ಸತ್ತರು. ಪಾಪ್ಲರ್‌ನ ಒಂದು ಶಾಲೆಯಲ್ಲೇ 18 ಮಕ್ಕಳು, ಬಹುಪಾಲು ಐದಾರು ವರ್ಷದವು. ಆ ದಾಳಿಯ ಮುಂದಾಳು ಬ್ರಾಂಡನ್‌ಬುರ್ಗ್‌ಗೆ ಮರುದಿನವೇ ಪದಕ, ಇಮ್ಮೆಲ್‌ಮಾನ್‌ಗೆ ಬೋಲ್ಕೆಗೆ ಕೊಟ್ಟ ಅದೇ ಪದಕ. ಲಂಡನ್ನಿನಲ್ಲಿ ಶಿಶುಹಂತಕ, ಬರ್ಲಿನ್ನಿನಲ್ಲಿ ವೀರ. ಈ ದಾಳಿಗಳ ಭಯದಿಂದಲೇ ಬ್ರಿಟನ್ ತನ್ನ ವಾಯುದಳಗಳನ್ನು ಒಟ್ಟು ಸೇರಿಸಿ 1918ರ ಏಪ್ರಿಲ್ 1ರಂದು ರಾಯಲ್ ಏರ್ ಫೋರ್ಸ್ ಮಾಡಿದ್ದು.

ಆ ಏಪ್ರಿಲ್ 21ಕ್ಕೆ ರಿಶ್ಟ್‌ಹೋಫೆನ್ ಸತ್ತ, ವಯಸ್ಸು 25. ಆಸ್ಟ್ರೇಲಿಯಾದ ಸೈನಿಕರು ಪೂರ್ಣ ಗೌರವದಿಂದ ಮಣ್ಣು ಮಾಡಿದರು. ಸಾಯುವ ಮುನ್ನ ಅವನು ಬರೆದಿಟ್ಟ ಒಂದು ಚಿಕ್ಕ ಟಿಪ್ಪಣಿ ಇದೆ. ಸೇನೆಯ ಪ್ರಚಾರ ವಿಭಾಗದ ಒತ್ತಾಯಕ್ಕೆ ತಾನು ಬರೆದ ಪುಸ್ತಕ ಈಗ ಓದಿದರೆ ಉಡಾಫೆಯದಾಗಿ ಕಾಣುತ್ತದೆ, ಊರಿನಲ್ಲಿ ಕೂತವರು ಜೈಕಾರ ಹಾಕುತ್ತಾ ಕಲ್ಪಿಸಿಕೊಂಡ ಹಾಗೆ ಯುದ್ಧ ಇಲ್ಲ ಅಂತ. ಪುಸ್ತಕ ಭರ್ಜರಿ ಮಾರಾಟವಾಯಿತು. ಟಿಪ್ಪಣಿ ಓದಿದವರು ಎಷ್ಟು ಮಂದಿ?

ಈಗ ನಮ್ಮವರ ಮಾತು. ಆ ಯುದ್ಧದಲ್ಲಿ ಬ್ರಿಟಿಷ್ ವಾಯುದಳದಲ್ಲಿ ಹಾರಿದ ಭಾರತೀಯರು ಬೆರಳೆಣಿಕೆಯಷ್ಟು. ಹರ್‌ದಿತ್ ಸಿಂಗ್ ಮಲಿಕ್‌ಗೆ ಮೊದಲು ಬಾಗಿಲು ಮುಚ್ಚಿದ್ದರು. ಫ್ರೆಂಚರು ತೆಗೆದುಕೊಳ್ಳಲು ತಯಾರಿದ್ದಾರೆ ಅಂತ ಆಕ್ಸ್‌ಫರ್ಡಿನ ಅವನ ಗುರು ಕಾಗದ ಬರೆದ ಮೇಲೆ ಬಾಗಿಲು ತೆರೆಯಿತು. ಪೇಟದ ಮೇಲೆ ಹಾಕಿಕೊಳ್ಳಲು ದೊಡ್ಡ ಹೆಲ್ಮೆಟ್ ಮಾಡಿಸಿಕೊಂಡು ಹಾರಿದ. 1917ರ ಅಕ್ಟೋಬರ್‌ನಲ್ಲಿ ಕಾಲಿಗೆ ಹೊಕ್ಕ ಗುಂಡು ಕೊನೆಯ ತನಕ ಅಲ್ಲೇ ಉಳಿಯಿತು, ಆ ಕಾಲಲ್ಲೇ ಮುಂದೆ ಫ್ರಾನ್ಸಿಗೆ ಸ್ವತಂತ್ರ ಭಾರತದ ರಾಯಭಾರಿಯಾಗಿ ಹೋದರು.

ಇಂದ್ರಲಾಲ್ ರಾಯ್ ಕಲ್ಕತ್ತೆಯವನು, ಓದಿದ್ದು ಲಂಡನ್ನಿನಲ್ಲಿ. ಮೆಕಡನ್ ಇದ್ದ 56ನೇ ಸ್ಕ್ವಾಡ್ರನ್ನಿಗೇ ಸೇರಿದ. 1917ರ ಡಿಸೆಂಬರ್‌ನಲ್ಲಿ ವಿಮಾನ ಅಪ್ಪಳಿಸಿ ಪೆಟ್ಟಾಯಿತು. ಸತ್ತನೆಂದು ಶವಾಗಾರದಲ್ಲಿ ಮಲಗಿಸಿದ್ದರು, ಒಳಗಿಂದ ಬಾಗಿಲು ಬಡಿದ ಅಂತ ಕಥೆ ಇದೆ. ಹಾರಲು ಲಾಯಕ್ಕಿಲ್ಲ ಅಂದರೂ ಬಿಡದೆ ಮತ್ತೆ ಹೋದ, ಈ ಸಲ 40ನೇ ಸ್ಕ್ವಾಡ್ರನ್ನಿಗೆ. 1918ರ ಜುಲೈ 6ರಿಂದ 19ರ ಒಳಗೆ 10 ಗೆಲುವು. 22ಕ್ಕೆ ಸಾವು. ಇನ್ನೂ 20 ತುಂಬಿರಲಿಲ್ಲ. ಫ್ರಾನ್ಸಿನ ಎಸ್ತೆವೆಲ್ ಎಂಬ ಹಳ್ಳಿಯಲ್ಲಿ ಸಮಾಧಿ ಇದೆ, ಕಲ್ಲಿನ ಮೇಲೆ ಬಂಗಾಳಿ ಅಕ್ಷರ. ಅವನು ಬಿಡಿಸಿದ ವಿಮಾನದ ಚಿತ್ರಗಳೂ ಉಳಿದಿವೆ. 1998ರಲ್ಲಿ ನಮ್ಮ ಅಂಚೆ ಇಲಾಖೆ ಅವನದೊಂದು ಸ್ಟಾಂಪು ತಂದಿತು.

ಇಂದ್ರಲಾಲ್ ಸತ್ತು ಒಂಬತ್ತು ತಿಂಗಳಾಗಿರಲಿಲ್ಲ. 1919ರ ಏಪ್ರಿಲ್ 14, ಜಲಿಯನ್‌ವಾಲಾ ಬಾಗ್‌ನ ಮರುದಿನ. ಪಂಜಾಬಿನ ಗುಜ್ರನ್‌ವಾಲಾದಲ್ಲಿ ಜನ ರೊಚ್ಚಿಗೆದ್ದು ರೈಲು ನಿಲ್ದಾಣಕ್ಕೂ ಸರ್ಕಾರಿ ಕಟ್ಟಡಗಳಿಗೂ ಬೆಂಕಿ ಹಚ್ಚಿದರು. ಸೈನ್ಯ ದೂರದಲ್ಲಿತ್ತು, ಲಾಹೋರಿನಿಂದ ವಿಮಾನ ಬಂತು. ಅದೇ ರಾಯಲ್ ಏರ್ ಫೋರ್ಸಿನದು. ಕ್ಯಾಪ್ಟನ್ ಕಾರ್ಬೆರಿ ಎಂಬ ಅಧಿಕಾರಿ ಊರ ಹೊರಗಿನ ಹಳ್ಳಿಯ ಹತ್ತಿರ ಹೋಗುತ್ತಿದ್ದ ಗುಂಪಿನ ಮೇಲೆ ಬಾಂಬು ಹಾಕಿದ, ಓಡುವವರ ಮೇಲೆ ಮೆಷಿನ್ ಗನ್ ಹಾರಿಸಿದ, ಖಾಲ್ಸಾ ಹೈಸ್ಕೂಲಿನ ಹಾಸ್ಟೆಲಿನ ಮೇಲೂ ಬಾಂಬು ಬಿತ್ತು. ಹಂಟರ್ ಸಮಿತಿಯ ಮುಂದೆ ಕೇಳಿದಾಗ, ಅವರ ಒಳ್ಳೆಯದಕ್ಕೇ ಮಾಡಿದೆ, ಕೆಲವರು ಸತ್ತರೆ ಉಳಿದವರು ಮತ್ತೆ ಗುಂಪು ಸೇರುವುದಿಲ್ಲ ಅನ್ನುವ ಅರ್ಥದಲ್ಲಿ ಹೇಳಿದ. ವಿಮಾನ ಕಳಿಸಿದ ತೀರ್ಮಾನವನ್ನು ಬಹುಮತದ ವರದಿ ಒಪ್ಪಿತು. ಸಮಿತಿಯಲ್ಲಿದ್ದ ಮೂವರು ಭಾರತೀಯರು ಬೇರೆಯೇ ವರದಿ ಬರೆದರು.

ಆಕಾಶದಲ್ಲಿ ಎದುರಾಳಿಯೇ ಇಲ್ಲದ ಈ ಯುದ್ಧಕ್ಕೆ ಏಸ್ ಇಲ್ಲ, ಅಂಕಿ ಇಲ್ಲ, ಬಟ್ಟಲೂ ಇಲ್ಲ. ಆದರೆ 1920ರ ದಶಕದಲ್ಲಿ ಬ್ರಿಟಿಷ್ ವಾಯುದಳಕ್ಕೆ ಅನ್ನ ಹಾಕಿದ್ದು ಇದೇ. ಇರಾಕ್, ವಜೀರಿಸ್ತಾನದಂಥ ಕಡೆ ದಂಡು ಕಳಿಸುವುದಕ್ಕಿಂತ ವಿಮಾನ ಅಗ್ಗ ಅಂತ ತೋರಿಸಿ ಅದು ಉಳಿದುಕೊಂಡಿತು. ಲಂಡನ್ನಿನ ಹೆಂಡನ್‌ನಲ್ಲಿ 1920ರಿಂದ ವರ್ಷವರ್ಷವೂ ಏರ್ ಶೋ. ಟಿಕೆಟ್ ಕೊಂಡು ಲಕ್ಷಾಂತರ ಜನ ಸೇರುತ್ತಿದ್ದರು. ಏರೋಬ್ಯಾಟಿಕ್ಸ್ ಮುಗಿದ ಮೇಲೆ ಕೊನೆಯ ಆಕರ್ಷಣೆಯಾಗಿ ಕೆಲವು ವರ್ಷ ‘ಪೂರ್ವದೇಶದ’ ಒಂದು ಹುಸಿ ಕೋಟೆಯನ್ನೋ ಹಳ್ಳಿಯನ್ನೋ ಕಟ್ಟಿ, ವಿಮಾನಗಳಿಂದ ಹೊಡೆದು ಉರುಳಿಸಿ ತೋರಿಸುತ್ತಿದ್ದರು. ಚಪ್ಪಾಳೆ ಬೀಳುತ್ತಿತ್ತು.

ಭಾರತೀಯರಿಗೆ ತಮ್ಮದೇ ವಾಯುಪಡೆ ಬಂದದ್ದು 1932ರ ಅಕ್ಟೋಬರ್ 8ರಂದು, ಐವರು ಪೈಲಟ್‌ಗಳಿಂದ. ಅವರಲ್ಲೊಬ್ಬರು ಸುಬ್ರೋತೋ ಮುಖರ್ಜಿ, ಇಂದ್ರಲಾಲ್ ರಾಯ್‌ನ ಬಂಧುಬಳಗದವರೇ, ಮುಂದೆ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದವರು. ಐದು ವರ್ಷಕ್ಕೆ ಅವರ ಪಡೆಗೆ ಮೊದಲ ಯುದ್ಧದ ಕೆಲಸ ಸಿಕ್ಕಿತು: ವಜೀರಿಸ್ತಾನದ ಮಿರಾನ್‌ಶಾದಿಂದ ಹಳೆಯ ವಾಪಿಟಿ ವಿಮಾನಗಳಲ್ಲಿ ಹೊರಟು, ಗುಡ್ಡಗಾಡಿನ ಬುಡಕಟ್ಟಿನವರ ಮೇಲೆ ಹಾರುವುದು. ಕೆಳಗಿದ್ದವರ ಕೈಯಲ್ಲಿ ಇದ್ದದ್ದು ರೈಫಲ್ಲು.